ಕೋವಿ ಒಂದು ಕಡೆ, ತೋಟೆ ಒಂದು ಕಡೆ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಸಂಸಾರ ಹೂಡಿರುವ ನಮ್ಮ ಅಕ್ಕನ ಮಗಳು ಒಮ್ಮೆ ನಮ್ಮೊಡನೆ ಫೋನಿನಲ್ಲಿ ಮಾತಾಡುತ್ತಿದ್ದವಳು "ಒಂದ್ನಿಮಿಷ ಇರಿ ಮಾಮು" ಎಂದು ಮನೆಯ ಇನ್ನೊಂದು ಫೋನನ್ನು ಎತ್ತಿಕೊಂಡಳು. ಆರು ವರ್ಷದ ಮಗ ನೆರೆಮನೆಗೆ ಆಟಕ್ಕೆ ಹೊರಟಿದ್ದ. ಅವನಿಗೆ ಕಡಲೆಬೀಜ ಮೈಗಾಗುವುದಿಲ್ಲ, ಕೊಡಬೇಡಿ ಎಂದು ಆ ಮನೆಯ ಹೆಂಗಸಿಗೆ ಹೇಳಿದಳು. ನಾಯಿಯನ್ನು ಕಟ್ಟಿದ್ದೀರಾ ಎಂದು ಕೇಳಿದಳು. ಅದೇ ದನಿಯಲ್ಲಿ, ನಿಮ್ಮ ಮನೆಯಲ್ಲಿ ಬಂದೂಕು ಇದೆಯೇ, ಇದ್ದರೆ ಬೀಗ ಹಾಕಿದೆಯೇ ಎಂದೂ ಕೇಳಿದಳು.

ನಾವು ಕಸಿವಿಸಿಗೊಂಡೆವು. "ಏನಮ್ಮಾ, ನೆರೆಯವರನ್ನ ಹೀಗೆ ಕೇಳೋದಾ? ಅವರು ಏನಂದ್ಕೊಂಡಾರು?" ಎಂದೆವು. "ಏನೂ ಅಂದ್ಕೊಳ್ಳಲ್ಲ ಮಾಮು. ಮಗೂನ ಚುಚ್ಚುಮದ್ದಿಗೆ ಕರ್ಕೊಂಡ್ಹೋದಾಗ ಡಾಕ್ಟ್ರೇ ಹೇಳಿದ್ದು, ಎಲ್ಲಿಗೇ ಕಳ್ಸಿದ್ರೂ ಇದನ್ನ ಕೇಳು ಅಂತ" ಎಂದಳು. ಆ ಮನೆಯಲ್ಲಿ ಬಂದೂಕು ಇತ್ತು, ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗದೊಳಗಿತ್ತು. ಹುಡುಗ ಆಟಕ್ಕೆ ಹೋದ.

ಒಬ್ಬ ತಾಯಿ ಇಷ್ಟು ಸಲೀಸಾಗಿ ಕೇಳಿದ ಆ ಪ್ರಶ್ನೆಯ ಹಿಂದೆ ದೀರ್ಘ ಚರಿತ್ರೆಯಿದೆ, ಅನೇಕ ಪುಟ್ಟ ಗೋರಿಗಳಿವೆ. ಮಗುವಿನ ಕೈಯಲ್ಲಿ ಬಂದೂಕು ಸಿಡಿದು ಜೀವ ಹೋದಾಗ ಅದು ಯಾರ ತಪ್ಪು? ಮಗುವಿನದೇ? ವಿಧಿಯದೇ? ಆ ಬಂದೂಕನ್ನು ಅಲ್ಲಿಟ್ಟವರದೇ? ಬಹುಕಾಲ ಅಮೆರಿಕದ ಸಮಾಜ ಇದಕ್ಕೆ 'ಆಕಸ್ಮಿಕ' ಎಂಬ ಒಂದೇ ಪದದಲ್ಲಿ ಉತ್ತರ ಹೇಳಿ ಸುಮ್ಮನಾಗುತ್ತಿತ್ತು. ಆ ಪದದ ಜಾಗಕ್ಕೆ 'ನಿರ್ಲಕ್ಷ್ಯ' ಎಂಬ ಪದ ಬರಲು ಎಷ್ಟು ಕಾಲ ಹಿಡಿಯಿತು, ಬಂದ ಮೇಲೆ ಏನಾಯಿತು ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಮನೆಯಲ್ಲಿ ಬಂದೂಕು ಹೇಗಿರಬೇಕು ಎಂಬ ಬಗ್ಗೆ ಕಾಯಿದೆ ಮಾಡುವುದು ಅಮೆರಿಕಕ್ಕೆ ಹೊಸದಲ್ಲ. 1783ರಲ್ಲಿ, ಬ್ರಿಟಿಷರೊಡನೆ ಸ್ವಾತಂತ್ರ್ಯದ ಯುದ್ಧ ಮುಗಿಯುತ್ತಿದ್ದ ವರ್ಷದಲ್ಲೇ, ಮ್ಯಾಸಚೂಸೆಟ್ಸ್ ಶಾಸನಸಭೆ ಬಾಸ್ಟನ್ ಪಟ್ಟಣಕ್ಕಾಗಿ ಒಂದು ಕಾಯಿದೆ ಮಾಡಿತು. ಮದ್ದು ತುಂಬಿದ ಬಂದೂಕನ್ನು ಮನೆ, ಲಾಯ, ಕೊಟ್ಟಿಗೆ, ಅಂಗಡಿಗಳ ಒಳಗೆ ಒಯ್ಯುವಂತಿಲ್ಲ, ಒಯ್ದರೆ ಹತ್ತು ಪೌಂಡ್ ದಂಡ, ಬಂದೂಕೂ ಜಪ್ತಿ. ಆದರೆ ಆ ಕಾಯಿದೆಗೆ ಕಾರಣ ಬೆಂಕಿಯ ಭಯ. ಮರದ ಮನೆಗಳ ಊರಿನಲ್ಲಿ ಬೆಂಕಿ ಬಿದ್ದರೆ, ಆರಿಸಲು ಬಂದವರ ಮೇಲೆಯೇ ತುಂಬಿದ ಬಂದೂಕು ಸಿಡಿಯಬಹುದು ಎಂಬುದು ಅದರ ಚಿಂತೆ. ಮಕ್ಕಳ ಮಾತು ಅದರಲ್ಲಿ ಬರುವುದಿಲ್ಲ.

ಮಕ್ಕಳ ಮಾತು ಮೊದಲು ಬಂದದ್ದು ಕಾಯಿದೆಯಲ್ಲಲ್ಲ, ವ್ಯಾಪಾರದಲ್ಲಿ. 1880ರ ದಶಕದಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ಒಂದು ಹೊಸ ರಿವಾಲ್ವರ್ ಹೊರತಂದಿತು. ಅದರ ಹಿಡಿಕೆಯ ಹಿಂಬದಿಯಲ್ಲಿ ಒಂದು ಸನ್ನೆ. ಅದನ್ನು ಅಂಗೈಯಿಂದ ಬಿಗಿಯಾಗಿ ಒತ್ತಿ ಹಿಡಿದರೆ ಮಾತ್ರ ಟ್ರಿಗರ್ ಕೆಲಸ ಮಾಡುತ್ತಿತ್ತು. ಎಂಟು ವರ್ಷದೊಳಗಿನ ಸಾಧಾರಣ ಮಗು ಇದನ್ನು ಹಾರಿಸಲಾರದು ಎಂದು ಕಂಪನಿ ಹೇಳಿಕೊಂಡು ಮಾರಿತು. ಲಕ್ಷಗಟ್ಟಲೆ ಮಾರಾಟವೂ ಆಯಿತು. 1940ರ ಸುಮಾರಿಗೆ ಆ ಮಾದರಿಯ ತಯಾರಿಕೆ ನಿಂತಿತು. ಮಗುವಿನ ಕೈಗೆ ಸೋಲದ ಬಂದೂಕು ಮಾಡುವ ವಿದ್ಯೆ ನೂರು ವರ್ಷಗಳ ಹಿಂದೆಯೇ ಮನುಷ್ಯನಿಗೆ ಗೊತ್ತಿತ್ತು ಎಂಬುದನ್ನು ಓದುಗರು ಗಮನಿಸಬೇಕು.

ಇದೇ ಅಮೆರಿಕ ಬೇರೆ ವಸ್ತುಗಳ ವಿಷಯದಲ್ಲಿ ತುಂಬ ಎಚ್ಚರದ ದೇಶ. ಬಿಸಾಡಿದ ಹಳೆಯ ಫ್ರಿಜ್ಜುಗಳೊಳಗೆ ಅಡಗಿ ಆಡಲು ಹೋದ ಮಕ್ಕಳು ಉಸಿರುಕಟ್ಟಿ ಸಾಯುತ್ತಿದ್ದರು. ಮಕ್ಕಳಿಗೆ ಬುದ್ಧಿ ಹೇಳಿ ಎಂದಷ್ಟೇ ಹೇಳಿ ಸರ್ಕಾರ ಕೈತೊಳೆದುಕೊಳ್ಳಲಿಲ್ಲ. 1956ರಲ್ಲಿ ಕಾಯಿದೆ ಮಾಡಿ, ಫ್ರಿಜ್ಜಿನ ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕು ಎಂದು ತಯಾರಕರಿಗೆ ವಿಧಿಸಿತು. ಮಾತ್ರೆಗಳನ್ನು ಮಿಠಾಯಿ ಎಂದು ನುಂಗಿ ಮಕ್ಕಳು ಸಾಯುತ್ತಿದ್ದಾಗ, 1970ರ ಕಾಯಿದೆಯ ಮೂಲಕ ಮಕ್ಕಳು ಸುಲಭವಾಗಿ ತೆರೆಯಲಾಗದ ಮುಚ್ಚಳಗಳು ಬಂದವು. 1972ರಲ್ಲಿ ಗ್ರಾಹಕ ವಸ್ತುಗಳ ಸುರಕ್ಷತೆಗಾಗಿ ಒಂದು ಕೇಂದ್ರ ಆಯೋಗವೇ ಸ್ಥಾಪನೆಯಾಯಿತು. ತೊಟ್ಟಿಲು, ಗೊಂಬೆ, ಸೈಕಲ್ಲು ಎಲ್ಲವೂ ಅದರ ಕಣ್ಗಾವಲಿಗೆ ಬಂದವು. ಬಂದೂಕು ಮತ್ತು ಮದ್ದುಗುಂಡುಗಳನ್ನು ಮಾತ್ರ ಅದರ ವ್ಯಾಪ್ತಿಯಿಂದ ಹೊರಗಿಡಲಾಯಿತು. ಆಟಿಕೆಯ ಬಂದೂಕಿಗೂ ನಿಯಮ ಬಂತು. ನಿಜವಾದದ್ದೆಂದು ಯಾರೂ ಮೋಸಹೋಗದಿರಲಿ ಎಂದು ಅದರ ತುದಿಗೆ ಕಿತ್ತಳೆ ಬಣ್ಣದ ಗುರುತಿರಬೇಕೆಂದು 1988ರಲ್ಲಿ ಕೇಂದ್ರ ಕಾಯಿದೆ ಹೇಳಿತು. ನಿಜವಾದ ಬಂದೂಕು ಮಾತ್ರ ಹಾಸಿಗೆಯ ಪಕ್ಕದ ಮೇಜಿನ ಖಾನೆಯಲ್ಲಿ, ಗುಂಡು ತುಂಬಿಕೊಂಡು, ಬೀಗವಿಲ್ಲದೆ ಮಲಗಿರಬಹುದಿತ್ತು.

ಈ ಸ್ಥಿತಿ ಮೊದಲು ಕದಲಿದ್ದು ಫ್ಲಾರಿಡಾದಲ್ಲಿ. ಬಂದೂಕಿನ ವಿಷಯದಲ್ಲಿ ಬಿಗಿಯಾದ ರಾಜ್ಯವೇನಲ್ಲ ಅದು. 1987ರಲ್ಲಷ್ಟೇ ಮರೆಯಲ್ಲಿ ಬಂದೂಕು ಧರಿಸಿ ಓಡಾಡುವ ಪರವಾನಗಿಯನ್ನು ಸುಲಭಗೊಳಿಸಿತ್ತು. ಬಂದೂಕನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕೆಂಬ ಮಸೂದೆ ಅಲ್ಲಿನ ಶಾಸನಸಭೆಯಲ್ಲಿ ಮುಂದೆ ಸಾಗಿರಲಿಲ್ಲ. 1989ರ ಜೂನ್ ತಿಂಗಳಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಮನೆಯಲ್ಲಿ ಸಿಕ್ಕ ಬಂದೂಕಿನಿಂದ ಮಕ್ಕಳು ಮಕ್ಕಳನ್ನೇ ಹೊಡೆದ ಘಟನೆಗಳು ಒಂದರ ಹಿಂದೊಂದು ನಡೆದವು. ಗವರ್ನರ್ ಬಾಬ್ ಮಾರ್ಟಿನೆಜ್ ಅವರ ಕಾಲದ ಆ ಶಾಸನಸಭೆ ವಿಶೇಷ ಅಧಿವೇಶನದಲ್ಲಿ ಅದೇ ವಿಷಯವನ್ನು ಮತ್ತೆ ಕೈಗೆತ್ತಿಕೊಂಡು ಕಾಯಿದೆ ಮಾಡಿತು. ಅಮೆರಿಕದಲ್ಲೇ ಈ ಬಗೆಯ ಮೊದಲ ರಾಜ್ಯ ಕಾಯಿದೆ ಅದು. 1989ರ ಅಕ್ಟೋಬರ್ 1ರಂದು ಜಾರಿಗೆ ಬಂತು.

ಆ ಕಾಯಿದೆಯನ್ನು ಓದಿದರೆ ಅದನ್ನು ಬರೆದವರ ಮನಸ್ಸಿನ ತೊಳಲಾಟ ಕಾಣುತ್ತದೆ. ಹದಿನಾರು ವರ್ಷದೊಳಗಿನ ಮಗುವಿನ ಕೈಗೆ ಸಿಗಬಹುದು ಎಂದು ಗೊತ್ತಿದ್ದೂ, ಅಥವಾ ಗೊತ್ತಿರಬೇಕಾದ ಸ್ಥಿತಿಯಲ್ಲಿದ್ದೂ, ಗುಂಡು ತುಂಬಿದ ಬಂದೂಕನ್ನು ಹಾಗೇ ಬಿಡುವಂತಿಲ್ಲ. ಬೀಗದ ಪೆಟ್ಟಿಗೆಯಲ್ಲಿಡಬೇಕು, ಅಥವಾ ವಿವೇಕಿಯೊಬ್ಬ ಭದ್ರವೆಂದು ನಂಬುವ ಜಾಗದಲ್ಲಿಡಬೇಕು, ಅಥವಾ ಟ್ರಿಗರಿಗೆ ಬೀಗ ಹಾಕಬೇಕು. ಆ ಬಂದೂಕಿನಿಂದ ಮಗು ಯಾರನ್ನಾದರೂ ಗಾಯಗೊಳಿಸಿದರೆ ಅಥವಾ ಕೊಂದರೆ, ಇಟ್ಟವರಿಗೆ ಐದು ವರ್ಷದವರೆಗೆ ಸೆರೆವಾಸವಾಗಬಹುದು. ಕಳ್ಳ ನುಗ್ಗಿ ಬಂದೂಕು ಹೊರಬಿದ್ದಿದ್ದರೆ ಅದು ಮಾಲೀಕನ ತಪ್ಪಲ್ಲ. ಬಂದೂಕು ಮಾರುವ ಪ್ರತಿ ಅಂಗಡಿಯೂ ಈ ಎಚ್ಚರಿಕೆಯನ್ನು ಎದ್ದುಕಾಣುವಂತೆ ಒಂದಂಗುಲದ ಅಕ್ಷರಗಳಲ್ಲಿ ಹಾಕಬೇಕು, ಕೊಳ್ಳುವವನ ಕೈಗೂ ಬರಹದಲ್ಲಿ ಕೊಡಬೇಕು.

ಅದರಲ್ಲಿ ಇನ್ನೊಂದು ಸಾಲಿದೆ. ಮಗು ತನ್ನ ಕುಟುಂಬದವರಿಂದಲೇ ಆಕಸ್ಮಿಕವಾಗಿ ಗುಂಡಿಗೆ ಗುರಿಯಾದಾಗ, ಘಟನೆಯಾದ ಏಳು ದಿನಗಳವರೆಗೆ ಯಾರನ್ನೂ ಈ ಕಾಯಿದೆಯಡಿ ಬಂಧಿಸುವಂತಿಲ್ಲ. ಮಣ್ಣು ಮಾಡಿ ಬರಲು, ಅಳಲು, ಉಳಿದ ಮಕ್ಕಳನ್ನು ಅಪ್ಪಿಕೊಳ್ಳಲು ಒಂದು ವಾರ. ಆಮೇಲೆ ಪೊಲೀಸರು. ಕಥೆ ಬರೆಯುವ ನಮ್ಮಂಥವರಿಗೆ ಆ ಏಳು ದಿನಗಳ ಮನೆ ಕಣ್ಣಮುಂದೆ ಬರುತ್ತದೆ. ಇಡೀ ಕಾಯಿದೆಯ ಕಷ್ಟವೂ ಅಲ್ಲೇ ಇದೆ. ಅದು ಶಿಕ್ಷಿಸಬೇಕಾದವನು ಅನೇಕ ವೇಳೆ ಆಗಲೇ ಬದುಕಿನ ಅತಿ ದೊಡ್ಡ ಶಿಕ್ಷೆ ಅನುಭವಿಸಿದ ತಂದೆ.

ಓದುಗರು ಇಲ್ಲಿ ಒಂದು ಪ್ರಶ್ನೆ ಎತ್ತಬಹುದು. ಮಗುವನ್ನೇ ಕಳೆದುಕೊಂಡವನನ್ನು ಜೈಲಿಗೆ ಹಾಕಿ ಏನು ಸಾಧಿಸಿದಂತಾಯಿತು? ನಮ್ಮನ್ನೂ ಈ ಪ್ರಶ್ನೆ ಕಾಡಿದೆ. ಉತ್ತರ ಕೊಟ್ಟವರು ವೈದ್ಯರು. 1997ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಇಂಥ ಕಾಯಿದೆ ಬಂದಿದ್ದ ಹನ್ನೆರಡು ರಾಜ್ಯಗಳಲ್ಲಿ, ಹದಿನೈದು ವರ್ಷದೊಳಗಿನ ಮಕ್ಕಳು ಆಕಸ್ಮಿಕ ಗುಂಡೇಟಿನಿಂದ ಸಾಯುವುದು ಶೇಕಡ 23ರಷ್ಟು ಕಡಿಮೆಯಾಗಿತ್ತು. 2000ದಲ್ಲಿ ಬೇರೆ ಸಂಶೋಧಕರು ಅದೇ ಲೆಕ್ಕವನ್ನು ಮತ್ತೆ ತಿರುವಿ ಹಾಕಿದರು. ಫ್ಲಾರಿಡಾ ಒಂದರಲ್ಲೇ ಇಳಿತ ಶೇಕಡ 51ರಷ್ಟಿತ್ತು. ಉಳಿದ ರಾಜ್ಯಗಳನ್ನು ಒಟ್ಟಿಗೆ ನೋಡಿದರೆ ಖಚಿತವಾದ ಪರಿಣಾಮ ಕಾಣಲಿಲ್ಲ. ಫ್ಲಾರಿಡಾದಲ್ಲಿ ಶಿಕ್ಷೆ ಕಠಿಣವಾಗಿತ್ತು, ಮೊದಲ ಕಾಯಿದೆಯಾದ್ದರಿಂದ ಊರೂರಲ್ಲೂ ಅದರ ಮಾತಿತ್ತು. ಪುಸ್ತಕದಲ್ಲಿ ಮಲಗಿದ ಕಾಯಿದೆ ಯಾರನ್ನೂ ಕಾಯುವುದಿಲ್ಲ ಎಂಬ ಅರ್ಥವನ್ನೂ ಇದರಿಂದ ತೆಗೆಯಬಹುದು. ಒಬ್ಬ ತಂದೆಗೆ ಆದ ಶಿಕ್ಷೆಯಿಂದ ಅವನ ಮಗು ಮರಳದು, ನಿಜ. ಆ ಸುದ್ದಿ ಓದಿದ ಸಾವಿರ ತಂದೆಯರು ಆ ರಾತ್ರಿ ಎದ್ದು ಹೋಗಿ ಖಾನೆಗೆ ಬೀಗ ಹಾಕುತ್ತಾರೆ.

ಕಾಯಿದೆ ಬೇಡವೆನ್ನುವವರದೂ ಒಂದು ವಾದವಿದೆ. ಮಕ್ಕಳಿಗೇ ಬುದ್ಧಿ ಕಲಿಸಿ ಎನ್ನುತ್ತಾರೆ ಅವರು. ಬಂದೂಕು ಮಾಲೀಕರ ಬಲಾಢ್ಯ ಸಂಸ್ಥೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್, 1988ರಲ್ಲಿ ಇದೇ ಫ್ಲಾರಿಡಾದ ಮೇರಿಯನ್ ಹ್ಯಾಮರ್ ಅವರ ಮುತುವರ್ಜಿಯಲ್ಲಿ 'ಎಡ್ಡಿ ಈಗಲ್' ಎಂಬ ಹದ್ದಿನ ಗೊಂಬೆಯ ಪಾಠವನ್ನು ಆರಂಭಿಸಿತು. ಬಂದೂಕು ಕಂಡರೆ ನಿಲ್ಲು, ಮುಟ್ಟಬೇಡ, ಅಲ್ಲಿಂದ ಹೋಗು, ದೊಡ್ಡವರಿಗೆ ಹೇಳು ಎಂಬುದು ಪಾಠದ ಸಾರ. ಒಳ್ಳೆಯ ಪಾಠವೇ. ಆದರೆ ಮಗುವಿಗೆ ಬುದ್ಧಿ ಹೇಳಿದ್ದೇವೆ ಎಂಬ ಧೈರ್ಯದ ಮೇಲೆ ಬೀಗ ಹಾಕದೆ ಬಿಡಬಹುದೇ? 2001ರಲ್ಲಿ ಅಟ್ಲಾಂಟದ ವೈದ್ಯರು ಇದನ್ನು ಪರೀಕ್ಷಿಸಿದರು. ಎಂಟರಿಂದ ಹನ್ನೆರಡು ವರ್ಷದ ಹುಡುಗರನ್ನು ಇಬ್ಬರು ಮೂವರಂತೆ ಒಂದು ಕೋಣೆಯಲ್ಲಿ ಬಿಟ್ಟರು. ಖಾನೆಯೊಂದರಲ್ಲಿ ನಿಜವಾದ, ಆದರೆ ಗುಂಡಿಲ್ಲದ ಪಿಸ್ತೂಲು ಇಟ್ಟಿದ್ದರು. 29 ಗುಂಪುಗಳಲ್ಲಿ 21 ಗುಂಪಿನ ಹುಡುಗರು ಅದನ್ನು ಪತ್ತೆ ಮಾಡಿದರು. ಅವುಗಳಲ್ಲಿ 16 ಗುಂಪಿನವರು ಕೈಗೆತ್ತಿಕೊಂಡರು, 10 ಗುಂಪಿನಲ್ಲಿ ಒಬ್ಬನಾದರೂ ಟ್ರಿಗರ್ ಎಳೆದ. ಮುಟ್ಟಿದವರಲ್ಲಿ ಹೆಚ್ಚು ಕಡಿಮೆ ಎಲ್ಲರೂ ಬಂದೂಕಿನ ಬಗ್ಗೆ ಹಿಂದೆ ಬುದ್ಧಿಮಾತು ಕೇಳಿದವರೇ ಆಗಿದ್ದರು.

ಮಿಷಿಗನ್ ರಾಜ್ಯದ ಕಥೆ ಬೇರೆ. 2000ದ ಫೆಬ್ರವರಿ 29ರಂದು ಅಲ್ಲಿನ ಫ್ಲಿಂಟ್ ಪಟ್ಟಣದ ಹತ್ತಿರದ ಶಾಲೆಯೊಂದರಲ್ಲಿ ಆರು ವರ್ಷದ ಹುಡುಗನೊಬ್ಬ ತನ್ನದೇ ತರಗತಿಯ ಆರು ವರ್ಷದ ಹುಡುಗಿಯನ್ನು ಗುಂಡಿಕ್ಕಿ ಕೊಂದ. ಅವನ ತಾಯಿ ಬಾಡಿಗೆಯ ಮನೆ ಕಳೆದುಕೊಂಡು ಮಗನನ್ನು ತನ್ನ ತಮ್ಮನ ಮನೆಯಲ್ಲಿ ಬಿಟ್ಟಿದ್ದಳು. ಪಿಸ್ತೂಲು ಆ ಮನೆಯಲ್ಲಿ ಸಿಕ್ಕಿದ್ದು. ಆರು ವರ್ಷದ ಮಗುವಿನ ಮೇಲೆ ಯಾವ ಕಾಯಿದೆಯೂ ಖಟ್ಲೆ ಹೂಡಲಾರದು. ಪಿಸ್ತೂಲನ್ನು ಮಗುವಿಗೆ ಸಿಗುವಂತೆ ಬಿಟ್ಟಿದ್ದವನಿಗೆ ಹತ್ಯೆಯ ಸಾಮಾನ್ಯ ಕಾನೂನಿನಡಿ ಎರಡರಿಂದ ಹದಿನೈದು ವರ್ಷದ ಸಜೆಯಾಯಿತು. ಬಂದೂಕನ್ನು ಭದ್ರವಾಗಿಡಬೇಕೆಂಬ ಪ್ರತ್ಯೇಕ ಕಾಯಿದೆ ಆಗ ಆ ರಾಜ್ಯದಲ್ಲಿರಲಿಲ್ಲ. ದೇಶವೆಲ್ಲ ಮರುಗಿತು, ಅಧ್ಯಕ್ಷ ಕ್ಲಿಂಟನ್ ಮಾತಾಡಿದರು. ಆದರೆ ಮಿಷಿಗನ್‌ನಲ್ಲಿ ಅಂಥ ಕಾಯಿದೆ ಬರಲು ಇನ್ನೂ ಎರಡು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು.

ಅದೇ ವರ್ಷ ಮಕ್ಕಳ ವೈದ್ಯರ ಸಂಘದ ಬೆಂಬಲದೊಡನೆ ಒಂದು ಸರಳ ಪ್ರಚಾರ ಆರಂಭವಾಯಿತು. ಮಗುವನ್ನು ಇನ್ನೊಬ್ಬರ ಮನೆಗೆ ಕಳಿಸುವ ಮುನ್ನ, ಅಲ್ಲಿ ಬೀಗ ಹಾಕದ ಬಂದೂಕು ಇದೆಯೇ ಎಂದು ಕೇಳಿ ಎಂಬುದು ಅದರ ಕರೆ. ನಮ್ಮ ಅಕ್ಕನ ಮಗಳು ಫೋನಿನಲ್ಲಿ ಕೇಳಿದ ಪ್ರಶ್ನೆಯ ಮೂಲ ಇದು. ಆ ಪ್ರಶ್ನೆಯನ್ನೂ ಸಹಿಸದವರಿದ್ದರು. ಮೊದಲ ಕಾಯಿದೆ ಮಾಡಿದ್ದ ಫ್ಲಾರಿಡಾ ರಾಜ್ಯವೇ 2011ರಲ್ಲಿ, ವೈದ್ಯರು ರೋಗಿಗಳನ್ನು ಬಂದೂಕಿನ ಬಗ್ಗೆ ವಿನಾಕಾರಣ ವಿಚಾರಿಸುವಂತಿಲ್ಲ ಎಂದು ಇನ್ನೊಂದು ಕಾಯಿದೆ ತಂದಿತು. ಅದರ ಮುಖ್ಯ ಭಾಗಗಳನ್ನು ಮೇಲ್ಮನವಿ ನ್ಯಾಯಾಲಯ 2017ರಲ್ಲಿ ರದ್ದುಗೊಳಿಸಿತು.

ಕೇಂದ್ರ ಸರ್ಕಾರವೂ ಒಂದು ಹೆಜ್ಜೆ ಇಟ್ಟಿತು, ಅರ್ಧ ಹೆಜ್ಜೆ. 2005ರ ಕಾಯಿದೆಯ ಪ್ರಕಾರ ವ್ಯಾಪಾರಿ ಮಾರುವ ಪ್ರತಿಯೊಂದು ಕೈಬಂದೂಕಿನೊಡನೆ ಒಂದು ಬೀಗ ಕೊಡಬೇಕು. ಕೊಂಡವನು ಆ ಬೀಗವನ್ನು ಹಾಕಬೇಕೆಂದು ಅದು ಹೇಳಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟು ಹೆಲರ್ ಪ್ರಕರಣದ ತೀರ್ಪು ಕೊಟ್ಟಿತು. ವಾಷಿಂಗ್ಟನ್ ನಗರದಲ್ಲಿ ಮನೆಯೊಳಗಿನ ಬಂದೂಕನ್ನು ಸದಾ ಬಿಡಿಸಿಟ್ಟಿರಬೇಕು ಅಥವಾ ಬೀಗ ಹಾಕಿರಬೇಕು ಎಂಬ ನಿಯಮವಿತ್ತು. ಆತ್ಮರಕ್ಷಣೆಗೂ ಅವಕಾಶವಿಲ್ಲದಂತಾಗುತ್ತದೆಂದು ಕೋರ್ಟು ಅದನ್ನು ತಳ್ಳಿಹಾಕಿತು. ಬಾಸ್ಟನ್ನಿನ 1783ರ ಕಾಯಿದೆಯ ಮಾತು ನ್ಯಾಯಮೂರ್ತಿಗಳ ಚರ್ಚೆಯಲ್ಲಿ ಮತ್ತೆ ಎದ್ದು ಬಂದದ್ದು ಆಗಲೇ. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಕಲಿಯಾ, ಅಪಘಾತ ತಪ್ಪಿಸಲು ಬಂದೂಕಿನ ಸಂಗ್ರಹವನ್ನು ನಿಯಂತ್ರಿಸುವ ಕಾಯಿದೆಗಳಿಗೆ ಈ ತೀರ್ಪಿನಿಂದ ಬಾಧಕವಿಲ್ಲ ಎಂಬ ಬಾಗಿಲನ್ನು ತೆರೆದೇ ಇಟ್ಟರು. ಮುಂದಿನ ಎಲ್ಲ ರಾಜ್ಯ ಕಾಯಿದೆಗಳೂ ಆ ಬಾಗಿಲಿನಿಂದಲೇ ಹಾದುಬರಬೇಕಾಯಿತು.

ಫ್ಲಿಂಟ್ ಇರುವ ಕೌಂಟಿಗೆ ತಾಗಿಕೊಂಡ ಕೌಂಟಿಯಲ್ಲಿ ಆಕ್ಸ್‌ಫರ್ಡ್ ಎಂಬ ಊರಿದೆ. 2021ರ ನವೆಂಬರ್ 30ರಂದು ಅಲ್ಲಿನ ಪ್ರೌಢಶಾಲೆಯಲ್ಲಿ ಹದಿನೈದು ವರ್ಷದ ವಿದ್ಯಾರ್ಥಿಯೊಬ್ಬ ಪಿಸ್ತೂಲು ತೆಗೆದು ನಾಲ್ವರು ಸಹಪಾಠಿಗಳನ್ನು ಕೊಂದ, ಏಳು ಜನರನ್ನು ಗಾಯಗೊಳಿಸಿದ. ಪಿಸ್ತೂಲನ್ನು ತಂದೆ ನಾಲ್ಕು ದಿನ ಮೊದಲು ಕೊಂಡಿದ್ದ. ಅಂದು ಬೆಳಿಗ್ಗೆ ಹುಡುಗ ಬಿಡಿಸಿದ ಚಿತ್ರವನ್ನು ಕಂಡು ಗಾಬರಿಯಾದ ಶಾಲೆಯವರು ತಂದೆತಾಯಿಯನ್ನು ಕರೆಸಿದ್ದರು. ಅವರು ಬಂದರು, ಮಗನನ್ನು ಮನೆಗೆ ಕರೆದುಕೊಂಡು ಹೋಗಲಿಲ್ಲ. ಹುಡುಗನ ಚೀಲವನ್ನು ಯಾರೂ ತೆರೆದು ನೋಡಲಿಲ್ಲ. ವಿಚಾರಣೆಯಲ್ಲಿ ಸರ್ಕಾರಿ ವಕೀಲರು ಒಂದು ತಂತಿಯ ಬೀಗವನ್ನು ಪಿಸ್ತೂಲಿಗೆ ಹಾಕಿ ತೋರಿಸಿ, ಇದಕ್ಕೆ ಹಿಡಿಯುವುದು ಕೆಲವೇ ಸೆಕೆಂಡು ಎಂದರು. 2024ರಲ್ಲಿ ತಂದೆ ಮತ್ತು ತಾಯಿ ಇಬ್ಬರೂ ಹತ್ಯೆಯ ಹೊಣೆಗಾರರೆಂದು ತೀರ್ಮಾನವಾಗಿ, ಹತ್ತರಿಂದ ಹದಿನೈದು ವರ್ಷದ ಶಿಕ್ಷೆಗೆ ಗುರಿಯಾದರು. ಶಾಲೆಯಲ್ಲಿ ಮಗ ನಡೆಸಿದ ಸಾಮೂಹಿಕ ಕೊಲೆಗಾಗಿ ಹೆತ್ತವರಿಗೆ ಹತ್ಯೆಯ ಶಿಕ್ಷೆಯಾದದ್ದು ಅಮೆರಿಕದಲ್ಲಿ ಅದೇ ಮೊದಲು.

ಮಿಷಿಗನ್ನಿನ ಕಾಯಿದೆಗೆ ಗವರ್ನರ್ ಗ್ರೆಚೆನ್ ವಿಟ್ಮರ್ ಸಹಿ ಹಾಕಿದ್ದು 2023ರ ಏಪ್ರಿಲ್‌ನಲ್ಲಿ. ಜಾರಿಗೆ ಬಂದದ್ದು 2024ರ ಫೆಬ್ರವರಿ 13ರಂದು. ಮರುದಿನ ಫ್ಲಿಂಟ್ ಪಟ್ಟಣದ ಒಂದು ಮನೆಯಲ್ಲಿ ಎರಡು ವರ್ಷದ ಹೆಣ್ಣುಮಗು ಕೈಗೆ ಸಿಕ್ಕ ರಿವಾಲ್ವರ್‌ನಿಂದ ತನಗೇ ಗುಂಡು ಹಾರಿಸಿಕೊಂಡಿತು. ಮಗು ಬದುಕಿ ಉಳಿಯಿತು. ಹೊಸ ಕಾಯಿದೆಯಡಿ ಆರೋಪ ಹೊತ್ತ ಮೊದಲ ವ್ಯಕ್ತಿ ಆ ಮಗುವಿನ ತಂದೆ.

ಈ ಕಾಯಿದೆಗಳ ಬಗ್ಗೆ ಒಂದು ಆಕ್ಷೇಪವನ್ನು ನಾವು ಲಘುವಾಗಿ ನೋಡಲಾರೆವು. ದುಡಿಯುವ ಬಡ ತಾಯಂದಿರು, ಇಕ್ಕಟ್ಟಿನ ಮನೆಗಳು, ಪೊಲೀಸರ ಕಣ್ಣು ಮೊದಲೇ ನೆಟ್ಟಿರುವ ಕೇರಿಗಳು, ಕಾಯಿದೆಯ ಭಾರ ಹೆಚ್ಚು ಬೀಳುವುದು ಅಲ್ಲಿಯೇ ಎಂಬ ಆತಂಕ ಅಮೆರಿಕದಲ್ಲೂ ಇದೆ. ಅದಕ್ಕೆ ಪರಿಹಾರ ಬೀಗವನ್ನು ಅಗ್ಗ ಮಾಡುವುದು, ಹಂಚುವುದು. ಹೊಸ ಕಾಯಿದೆಯ ಜೊತೆಗೇ ಮಿಷಿಗನ್ ರಾಜ್ಯ ಬಂದೂಕಿನ ಬೀಗ, ಪೆಟ್ಟಿಗೆಗಳ ಮೇಲಿನ ಮಾರಾಟ ತೆರಿಗೆಯನ್ನು ತೆಗೆದದ್ದು ಆ ದೃಷ್ಟಿಯಿಂದ ಸರಿಯಾದ ಕೆಲಸ. ಇಂದಿಗೂ ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ಇಂಥ ಕಾಯಿದೆಯೇ ಇಲ್ಲ. ಬೀಗವಿಲ್ಲದ, ಗುಂಡು ತುಂಬಿದ ಬಂದೂಕಿರುವ ಮನೆಗಳಲ್ಲಿ ಸುಮಾರು 46 ಲಕ್ಷ ಮಕ್ಕಳಿದ್ದಾರೆಂದು 2015ರ ಸಮೀಕ್ಷೆಯ ಅಂದಾಜು ಹೇಳಿತ್ತು. 2020ರಿಂದೀಚೆಗೆ ಆ ದೇಶದ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಗುಂಡೇಟು. ಅದರಲ್ಲಿ ಕೊಲೆಯಿದೆ, ಆತ್ಮಹತ್ಯೆಯಿದೆ, ಆಕಸ್ಮಿಕವೂ ಇದೆ. ಬೀಗವೊಂದು ಎಲ್ಲವನ್ನೂ ತಡೆಯಲಾರದು. ಆದರೆ ದುಃಖದ ಒಂದು ಗಳಿಗೆಯಲ್ಲಿ ಅಪ್ಪನ ಖಾನೆಯತ್ತ ಹೋದ ಹುಡುಗನನ್ನು ಒಂದು ಬೀಗ ಹಿಂದಕ್ಕೆ ಕಳಿಸಬಲ್ಲದು. ಆ ಗಳಿಗೆ ಕಳೆದರೆ ಅವನು ಬದುಕಿ ಉಳಿಯಬಹುದು.

ನಮ್ಮ ದೇಶದಲ್ಲಿ ಬಂದೂಕು ಹಕ್ಕಲ್ಲ, ಪರವಾನಗಿ. 1959ರ ಆಯುಧ ಕಾಯಿದೆ ಇಪ್ಪತ್ತೊಂದು ತುಂಬದವರ ಕೈಗೆ ಅದನ್ನು ಕೊಡುವುದಿಲ್ಲ. 2016ರ ನಿಯಮಗಳು ಭದ್ರವಾಗಿ ಇಡುವ ಹೊಣೆಯನ್ನು ಪರವಾನಗಿ ಪಡೆದವನ ಮೇಲೆ ಹೊರಿಸಿವೆ. ಪರವಾನಗಿಯಿಂದಲೂ ವಿನಾಯಿತಿ ಪಡೆದ ಕೊಡಗಿನಲ್ಲಿ, ಕಾಡುಹಂದಿಯ ಕಾಟದ ಮಲೆನಾಡಿನಲ್ಲಿ, ಮನೆಯ ಗೋಡೆಯ ಮೇಲೆ ಇಂದಿಗೂ ಕೋವಿ ಇದೆ. ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಿಸುವ ಸರ್ಕಾರ, ಉಳಿದ ದಿನಗಳಲ್ಲಿ ಅವು ಮನೆಯಲ್ಲಿ ಹೇಗಿವೆ ಎಂದು ವಿಚಾರಿಸುವುದು ಅಪರೂಪ.

ಮಲೆನಾಡಿನ ನಮ್ಮ ನಾನಾ ಅವರ ಮನೆಯಲ್ಲೂ ಒಂಟಿ ನಳಿಗೆಯ ಕೋವಿಯೊಂದಿತ್ತು. ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಎರಡು ಗೂಟಗಳ ಮೇಲೆ. ತೋಟೆಗಳು ಮಾತ್ರ ಅಲ್ಲಿರುತ್ತಿರಲಿಲ್ಲ. ಅವು ಉಗ್ರಾಣದ ಟ್ರಂಕಿನೊಳಗೆ ತಗಡಿನ ಡಬ್ಬಿಯಲ್ಲಿದ್ದವು. ಟ್ರಂಕಿನ ಬೀಗದ ಕೈ ನಾನಿಯ ಸೆರಗಿನ ಗಂಟಿನಲ್ಲಿತ್ತು. ರಾತ್ರಿ ತೋಟಕ್ಕೆ ಹಂದಿ ನುಗ್ಗಿದಾಗ ನಾನಾ ಅವಸರಪಡುತ್ತಿದ್ದರು, ನಾನಿ ಲೆಕ್ಕ ಮಾಡಿ ಎರಡೇ ತೋಟೆ ಕೊಡುತ್ತಿದ್ದರು. ಬೆಳಗಾದರೆ ಖಾಲಿಯಾದದ್ದೆಷ್ಟು, ಉಳಿದದ್ದೆಷ್ಟು ಎಂದು ಕೇಳಿ ಪಡೆದು ಮತ್ತೆ ಡಬ್ಬಿಗೆ ಹಾಕುತ್ತಿದ್ದರು. "ಇಷ್ಟು ಹೊತ್ತಿಗೆ ಹಂದಿ ಅರ್ಧ ಗದ್ದೆ ತಿಂದಿರುತ್ತೆ" ಎಂದು ನಾನಾ ಗೊಣಗಿದರೆ, "ತಿನ್ನಲಿ ಬಿಡಿ, ಗದ್ದೆ ಮತ್ತೆ ಬೆಳೆಯುತ್ತೆ" ಎನ್ನುತ್ತಿದ್ದರು ನಾನಿ.

2005ರಲ್ಲಿ ಅಮೆರಿಕದ ವೈದ್ಯರು ಇನ್ನೊಂದು ಅಧ್ಯಯನದಲ್ಲಿ ಮಕ್ಕಳಿರುವ ಮನೆಗೆ ನಾಲ್ಕು ಮಾತು ಹೇಳಿದರು: ಬಂದೂಕಿಗೆ ಬೀಗವಿರಲಿ, ಅದರಲ್ಲಿ ಗುಂಡಿರದಿರಲಿ, ಗುಂಡಿಗೂ ಬೀಗವಿರಲಿ, ಗುಂಡು ಬೇರೆ ಜಾಗದಲ್ಲಿರಲಿ. ನಾನಿ ಇದರಲ್ಲಿ ಮೂರನ್ನು ಪಾಲಿಸಿದ್ದರು. ಗೋಡೆಯ ಮೇಲಿನ ಕೋವಿಗೆ ಬೀಗವಿರಲಿಲ್ಲ. ಅದನ್ನು ನಾವು ಇಂದು ಸರಿಪಡಿಸಿಕೊಳ್ಳಬೇಕಾಗಿದೆ. ಕೋವಿಯಿರುವ ಮನೆಗಳ ಓದುಗರು ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ಒಮ್ಮೆ ಗೋಡೆಯತ್ತ ನೋಡಿ, ಆಮೇಲೆ ತೋಟೆಯ ಡಬ್ಬಿ ಎಲ್ಲಿದೆಯೆಂದು ನೋಡಬೇಕೆಂದು ಕೋರುತ್ತೇವೆ.